ಮುಂಜಾನೆ ಮೀನು ತೇಲಿದಾಗ: ಊರ ಕೆರೆಯ ದೋಷ ಪತ್ತೆಮಾಡುವ ಕ್ರಮ

ಬೆಳಿಗ್ಗೆ ಏರಿಯ ಮೇಲೆ ನಡೆಯಲು ಬಂದವರಿಗೆ ಸತ್ತ ಮೀನು ತೇಲುತ್ತಿರುವುದು ಕಂಡರೆ ಮೊದಲು ಹೊರಡುವ ಮಾತು 'ಯಾರೋ ವಿಷ ಹಾಕಿದ್ದಾರೆ' ಎಂಬುದು. ಸುದ್ದಿ ಮುಟ್ಟಿ, ಸಂಬಂಧಪಟ್ಟವರು ಬಂದು, ಬಾಟಲಿಯಲ್ಲಿ ನೀರು ತುಂಬಿಕೊಳ್ಳುವ ಹೊತ್ತಿಗೆ ಗಂಟೆ ಹನ್ನೊಂದಾಗಿರುತ್ತದೆ. ವಾರದ ನಂತರ ಬರುವ ವರದಿಯಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 7 ಮಿಲಿಗ್ರಾಂ, ಲೋಹಗಳು ಮಿತಿಯೊಳಗೆ, ಕೀಟನಾಶಕ ಪತ್ತೆಯಾಗಿಲ್ಲ ಎಂದಿರುತ್ತದೆ. ಆ ವರದಿಯಲ್ಲಿ ಸುಳ್ಳೇನೂ ಇಲ್ಲ. ಅದು ಹನ್ನೊಂದು ಗಂಟೆಯ ನೀರನ್ನು ಕುರಿತದ್ದು, ಮೀನು ಸತ್ತದ್ದು ಮಾತ್ರ ನಸುಕಿನ ನಾಲ್ಕೂವರೆಯ ನೀರಿನಲ್ಲಿ. ಇಂಥ ಸಂದರ್ಭದಲ್ಲಿ ದೋಷವನ್ನು ಯಾವ ಅನುಕ್ರಮದಲ್ಲಿ ಹುಡುಕಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಬೆಂಗಳೂರು ಮತ್ತು ಅದರ ಸುತ್ತಲಿನ ಬಯಲುಸೀಮೆಯ, ಒಂದೆರಡು ಆಳಿನಷ್ಟೇ ನೀರು ನಿಲ್ಲುವ ಕೆರೆಗಳು ನನ್ನ ಗಮನದಲ್ಲಿವೆ. ಆಳವಾದ ಜಲಾಶಯಗಳಿಗೆ ಇದರ ಎಲ್ಲ ಮಾತುಗಳೂ ಹೊಂದುವುದಿಲ್ಲ.

ಮೊದಲು ಗಡಿಯಾರ, ಆಮೇಲೆ ಬಾಟಲಿ

ಪಾಚಿ ತುಂಬಿದ ಕೆರೆಯಲ್ಲಿ ಆಮ್ಲಜನಕದ ಮಟ್ಟ ದಿನದ ಉದ್ದಕ್ಕೂ ಒಂದೇ ಆಗಿರುವುದಿಲ್ಲ. ಬಿಸಿಲಿರುವಾಗ ಪಾಚಿ ಆಮ್ಲಜನಕವನ್ನು ಬಿಡುತ್ತದೆ. ಕತ್ತಲಾದ ಮೇಲೆ ಅದೇ ಪಾಚಿಯೂ, ಮೀನೂ, ತಳದ ಹೂಳಿನ ಸೂಕ್ಷ್ಮಾಣುಗಳೂ ಸೇರಿ ಅದನ್ನು ಬಳಸುತ್ತಲೇ ಹೋಗುತ್ತವೆ. ಹೀಗಾಗಿ ದಿನದ ಅತಿ ಕಡಿಮೆ ಮಟ್ಟ ಸೂರ್ಯೋದಯಕ್ಕೆ ಸ್ವಲ್ಪ ಮೊದಲು, ಅತಿ ಹೆಚ್ಚಿನ ಮಟ್ಟ ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಸಿಗುತ್ತದೆ. ಆದ್ದರಿಂದ ಒಂದೇ ಜಾಗದಲ್ಲಿ, ಒಂದೇ ಆಳದಲ್ಲಿ, ಬೆಳಗಿನ ಐದೂವರೆಗೊಮ್ಮೆ ಮತ್ತು ಮಧ್ಯಾಹ್ನ ಮೂರಕ್ಕೊಮ್ಮೆ ಅಳೆಯುವುದು ಮೊದಲ ಪರೀಕ್ಷೆಯಾಗಬೇಕು.

ಸಮುದ್ರಮಟ್ಟದಲ್ಲಿ 25 ಡಿಗ್ರಿ ಸೆಲ್ಸಿಯಸ್‌ನ ಶುದ್ಧ ನೀರು ಗಾಳಿಯಿಂದ ಪಡೆದು ಹಿಡಿದಿಟ್ಟುಕೊಳ್ಳಬಲ್ಲ ಆಮ್ಲಜನಕ ಲೀಟರಿಗೆ ಸುಮಾರು 8.3 ಮಿಲಿಗ್ರಾಂ. ಬೆಂಗಳೂರು 900 ಮೀಟರಿಗೂ ಎತ್ತರದಲ್ಲಿದ್ದು ಗಾಳಿಯ ಒತ್ತಡ ಕಡಿಮೆಯಿರುವುದರಿಂದ ಇಲ್ಲಿ ಅದು ಸುಮಾರು 7.4ಕ್ಕೆ ಇಳಿಯುತ್ತದೆ. ಮಧ್ಯಾಹ್ನದ ಅಳತೆ 12 ಅಥವಾ 14 ಎಂದು ಬಂದರೆ ಕೆರೆ ಆರೋಗ್ಯವಾಗಿದೆಯೆಂದು ಸಂತೋಷಪಡುವವರನ್ನು ನಾನು ಕಂಡಿದ್ದೇನೆ. ಗಾಳಿ ಕೊಡಬಲ್ಲದ್ದಕ್ಕಿಂತ ಅಷ್ಟು ಹೆಚ್ಚು ಆಮ್ಲಜನಕವನ್ನು ಕೊಟ್ಟದ್ದು ಪಾಚಿಯಲ್ಲದೆ ಬೇರೆಯಲ್ಲ. ಹಗಲು ಅಷ್ಟನ್ನು ಕೊಟ್ಟ ಪಾಚಿ ರಾತ್ರಿ ಅದನ್ನು ವಸೂಲು ಮಾಡಿಯೇ ತೀರುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಮೀನುಗಾರಿಕೆ ಮತ್ತು ವನ್ಯಜೀವಿಗಳಿಗೆ ತಕ್ಕ 'ಡಿ' ವರ್ಗದ ನೀರಿನಲ್ಲಿ ಕರಗಿದ ಆಮ್ಲಜನಕ ಕನಿಷ್ಠ 4 ಮಿಲಿಗ್ರಾಂ, ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂದು ತೋರಿಸುವ ಪಿಎಚ್ 6.5ರಿಂದ 8.5ರ ಒಳಗೆ, ಮುಕ್ತ ಅಮೋನಿಯಾ 1.2 ಮಿಲಿಗ್ರಾಂ ಮೀರದಂತೆ ಇರಬೇಕು. ಆಮ್ಲಜನಕದ ನಸುಕಿನ ಅಳತೆ 2ಕ್ಕಿಂತ ಕೆಳಗೆ, ಮಧ್ಯಾಹ್ನದ್ದು 10ಕ್ಕಿಂತ ಮೇಲೆ ಇದ್ದರೆ ಉಸಿರುಗಟ್ಟಿ ಸತ್ತಿರುವ ಸಾಧ್ಯತೆಯೇ ಪ್ರಬಲ. ಎರಡೂ ಹೊತ್ತು ಒಂದೇ ರೀತಿ ತೀರ ಕಡಿಮೆಯಿದ್ದರೆ ಕೆರೆಯೊಳಕ್ಕೆ ಹಸಿ ಒಳಚರಂಡಿ ನೀರು ದೊಡ್ಡ ಪ್ರಮಾಣದಲ್ಲಿ ಬರುತ್ತಿದೆ, ಇಲ್ಲವೇ ಅಂತರಗಂಗೆ ಮೇಲ್ಮೈಯನ್ನೆಲ್ಲ ಮುಚ್ಚಿ ಬೆಳಕನ್ನೂ ಗಾಳಿಯನ್ನೂ ತಡೆದಿದೆ ಎಂದು ತಿಳಿಯಬೇಕು. ಎರಡೂ ಹೊತ್ತು 5ಕ್ಕಿಂತ ಮೇಲಿದ್ದೂ ಮೀನು ಸಾಯುತ್ತಿದ್ದರೆ ಆಗ ವಿಷದ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಬಹುದು.

ಹಿಂದಿನ ಎರಡು ಮೂರು ದಿನಗಳ ಹವಾಮಾನವನ್ನು ಕೇಳಿ ಬರೆದುಕೊಳ್ಳುವುದೂ ಇದೇ ಹಂತದ ಕೆಲಸ. ಮೋಡ ಕವಿದ ದಿನಗಳಲ್ಲಿ ಪಾಚಿಯ ಗಳಿಕೆ ಕಡಿಮೆಯಾಗುತ್ತದೆ, ಖರ್ಚು ಮಾತ್ರ ಹಾಗೆಯೇ ಇರುತ್ತದೆ. ಬೇಸಿಗೆಯ ಮೊದಲ ಜೋರು ಮಳೆ ಎರಡು ರೀತಿಯಲ್ಲಿ ಕೆಡುಕು ಮಾಡುತ್ತದೆ: ರಾಜಕಾಲುವೆಯಲ್ಲಿ ತಿಂಗಳುಗಟ್ಟಲೆ ಕೂತಿದ್ದ ಕೊಳಕನ್ನು ಒಂದೇ ಸಲ ಕೆರೆಗೆ ತಳ್ಳುತ್ತದೆ, ತಳದಲ್ಲಿದ್ದ ಆಮ್ಲಜನಕವಿಲ್ಲದ ಕಪ್ಪು ನೀರನ್ನು ಕದಡಿ ಮೇಲಕ್ಕೆ ತರುತ್ತದೆ. ನಗರದ ಕೆರೆಗಳಲ್ಲಿ ಮೀನು ಸಾಯುವ ಸುದ್ದಿ ಮಾರ್ಚ್‌ನಿಂದ ಜೂನ್‌ವರೆಗೆ ಹೆಚ್ಚಾಗಿ ಕೇಳಿಬರುವುದಕ್ಕೆ ಇದೇ ಕಾರಣ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿರಾಶಿಯಾಗಿ ತೇಲಿದ್ದು ಅನೇಕರಿಗೆ ನೆನಪಿರಬಹುದು.

ಸತ್ತ ಮೀನನ್ನು ಓದುವುದು

ಮೀನುಗಳನ್ನು ಎತ್ತಿ ಹೂಳುವ ಮೊದಲು ಅರ್ಧ ಗಂಟೆ ಅವುಗಳನ್ನು ನೋಡುವುದರಲ್ಲಿ ಕಳೆದರೆ ಪ್ರಯೋಗಾಲಯದ ಎಷ್ಟೋ ಖರ್ಚು ಉಳಿಯುತ್ತದೆ. ಮೊದಲ ಪ್ರಶ್ನೆ, ಯಾವ ಜಾತಿಯ ಮೀನು ಸತ್ತಿದೆ ಎಂಬುದು. ಕಾಟ್ಲಾ, ರೋಹು, ಮೃಗಾಲ್ ಕಿವಿರಿನಿಂದ ಮಾತ್ರ ಉಸಿರಾಡುತ್ತವೆ. ಕೊರವ ಮತ್ತು ಚೇಳು ಮೀನುಗಳು ನೀರಿನ ಮೇಲೆ ಬಂದು ಗಾಳಿಯನ್ನೇ ನುಂಗಬಲ್ಲವು. ಆಫ್ರಿಕನ್ ಕ್ಯಾಟ್‌ಫಿಶ್‌ಗೂ ಆ ಶಕ್ತಿಯಿದೆ. ಕಾಟ್ಲಾ ಸತ್ತು ಕೊರವ ಬದುಕಿದ್ದರೆ ದೋಷ ಆಮ್ಲಜನಕದ್ದು. ಕೊರವವೂ ಸತ್ತಿದ್ದರೆ, ಕಪ್ಪೆ ಮತ್ತು ನೀರುಹಾವುಗಳೂ ಸತ್ತಿದ್ದರೆ ವಿಚಾರ ಬೇರೆಯೇ. ಎರಡನೆಯ ಪ್ರಶ್ನೆ ಗಾತ್ರದ್ದು: ಆಮ್ಲಜನಕ ಕಡಿಮೆಯಾದಾಗ ಸಾಮಾನ್ಯವಾಗಿ ದೊಡ್ಡ ಮೀನುಗಳು ಮೊದಲು ಸಾಯುತ್ತವೆ, ವಿಷವಾದರೆ ಮರಿಗಳು ಮೊದಲು ಸಾಯುವುದೇ ಹೆಚ್ಚು. ಬಾಯಿ ತೆರೆದು, ಕಿವಿರಿನ ಮುಚ್ಚಳ ಅಗಲಿಸಿಕೊಂಡು ಸತ್ತಿರುವುದು ಉಸಿರುಗಟ್ಟಿದ ಗುರುತು. ಸಾಯುವ ಮುನ್ನ ಮೀನುಗಳು ಮೇಲ್ಮೈಗೆ ಬಂದು ಬಾಯಿ ಬಡಿಯುತ್ತಿದ್ದವೋ, ಇಲ್ಲವೆ ಸೆಳೆತ ಬಂದಂತೆ ಸುತ್ತುತ್ತಿದ್ದವೋ ಎಂಬುದನ್ನು ಬಲೆ ಬೀಸುವವರನ್ನು ಕೇಳಿ ತಿಳಿಯಬೇಕು. ಕೆರೆಯನ್ನು ಆ ಹೊತ್ತಿನಲ್ಲಿ ನೋಡಿರುವವರು ಅವರೊಬ್ಬರೇ.

ಸಾವಿನ ಹೊತ್ತೂ ಮುಖ್ಯ. ಮಧ್ಯಾಹ್ನ, ಬಿಸಿಲಲ್ಲಿ, ಆಮ್ಲಜನಕದ ಮಾಪಕ 10 ತೋರಿಸುತ್ತಿರುವಾಗಲೇ ಮೀನು ಸಾಯತೊಡಗಿದರೆ ಅಮೋನಿಯಾವನ್ನು ಸಂದೇಹಿಸಬೇಕು. ಇದರ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ, ಏಕೆಂದರೆ ವರದಿಗಳಲ್ಲಿ ಹೆಚ್ಚು ತಪ್ಪಾಗಿ ಓದಿಕೊಳ್ಳುವ ಅಂಕಿ ಇದೇ. ನೀರಿನಲ್ಲಿ ಅಮೋನಿಯಾ ಎರಡು ರೂಪಗಳಲ್ಲಿರುತ್ತದೆ: ಅಷ್ಟೇನೂ ಅಪಾಯವಿಲ್ಲದ ಅಮೋನಿಯಂ, ಮತ್ತು ಮೀನಿನ ಕಿವಿರನ್ನು ಸುಲಭವಾಗಿ ದಾಟುವ ಮುಕ್ತ ಅಮೋನಿಯಾ. ಇವೆರಡರ ಪಾಲನ್ನು ನಿರ್ಧರಿಸುವುದು ಪಿಎಚ್ ಮತ್ತು ಉಷ್ಣತೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ಮುಕ್ತ ರೂಪ ಶೇಕಡ 1ಕ್ಕೂ ಕಡಿಮೆ. ಪಿಎಚ್ 8ರಲ್ಲಿ ಅದು ಶೇಕಡ 5ರಷ್ಟು. ಪಿಎಚ್ 9ರಲ್ಲಿ ಶೇಕಡ 36ರಷ್ಟು. ಪಾಚಿ ಬಿಸಿಲಿನಲ್ಲಿ ನೀರಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡಂತೆ ಪಿಎಚ್ ಏರುತ್ತದೆ. ಹಾಗಾಗಿ ಲೀಟರಿಗೆ 4 ಮಿಲಿಗ್ರಾಂ ಒಟ್ಟು ಅಮೋನಿಯಾ ಇರುವ ಕೆರೆಯಲ್ಲಿ ಬೆಳಿಗ್ಗೆ ಪಿಎಚ್ 7.5 ಇದ್ದಾಗ ಮುಕ್ತ ಅಮೋನಿಯಾ 0.1 ಮಿಲಿಗ್ರಾಂ ಕೂಡ ಇರುವುದಿಲ್ಲ, ಮಧ್ಯಾಹ್ನ ಪಿಎಚ್ 9 ಮುಟ್ಟಿದಾಗ ಅದು 1.4ನ್ನು ದಾಟುತ್ತದೆ. ಕೆರೆಗೆ ಹೊಸದಾಗಿ ಏನೂ ಬಂದಿಲ್ಲ, ಆದರೂ ನೀರು ವಿಷವಾಗಿದೆ. ಪಿಎಚ್ ಮತ್ತು ಉಷ್ಣತೆಯನ್ನು ಬರೆಯದೆ ಅಮೋನಿಯಾವನ್ನಷ್ಟೇ ಬರೆದ ವರದಿಯಿಂದ ಯಾವ ತೀರ್ಮಾನಕ್ಕೂ ಬರಲಾಗುವುದಿಲ್ಲ.

ನೀರು ಬಂದ ದಾರಿಯಲ್ಲಿ ಹಿಂದಕ್ಕೆ

ಆಮ್ಲಜನಕ ಕಡಿಮೆಯಾಗಿದೆ ಎಂದು ತಿಳಿದದ್ದು ದೋಷದ ಲಕ್ಷಣವಷ್ಟೇ, ಮೂಲವಲ್ಲ. ನಮ್ಮ ಕೆರೆಗಳು ಸರಪಳಿಯಾಗಿ ಕಟ್ಟಿದವು. ಯಲಹಂಕ ಕೆರೆಯ ನೀರು ಜಕ್ಕೂರಿಗೆ, ಅಲ್ಲಿಂದ ರಾಚೇನಹಳ್ಳಿಗೆ ಹರಿಯುವಂತೆ, ಬೆಳ್ಳಂದೂರಿನ ನೀರು ವರ್ತೂರಿಗೆ ಹೋಗಿ ದಕ್ಷಿಣ ಪಿನಾಕಿನಿಯನ್ನು ಸೇರುವಂತೆ, ಪ್ರತಿ ಕೆರೆಯ ದೋಷವೂ ಮೇಲಿನಿಂದ ಬಂದದ್ದಾಗಿರಬಹುದು. ಹಿಂದೆ ತೂಬು ನೋಡಿಕೊಳ್ಳುತ್ತಿದ್ದ ನೀರಗಂಟಿಗೆ ಯಾವ ಕಾಲುವೆಯಿಂದ ಎಂಥ ನೀರು ಬರುತ್ತದೆ ಎಂಬುದು ಬಾಯಿಪಾಠವಾಗಿತ್ತು. ಈಗ ಆ ಕೆಲಸವನ್ನು ವಿದ್ಯುತ್ ವಾಹಕತೆಯ ಸಣ್ಣ ಮಾಪಕ ಮಾಡಬೇಕಾಗಿದೆ.

ನೀರಿನಲ್ಲಿ ಲವಣ ಹೆಚ್ಚಿದಷ್ಟೂ ವಾಹಕತೆ ಹೆಚ್ಚು; ಮಳೆನೀರಿನಲ್ಲಿ ಲವಣ ಕಡಿಮೆ, ಒಳಚರಂಡಿ ನೀರಿನಲ್ಲಿ ಹೆಚ್ಚು. ಆದ್ದರಿಂದ ಮಳೆಯಿಲ್ಲದ ಎರಡು ಮೂರು ದಿನಗಳ ನಂತರ ಕೆರೆಯ ಪ್ರತಿ ಒಳಹರಿವಿನ ಬಾಯಿಯಲ್ಲಿ ವಾಹಕತೆಯನ್ನು ಅಳೆದು, ಅತಿ ಹೆಚ್ಚು ಬಂದ ಕಾಲುವೆಯನ್ನು ಹಿಡಿದು ಮೇಲಕ್ಕೆ ನಡೆಯಬೇಕು. ನೂರು ನೂರೈವತ್ತು ಹೆಜ್ಜೆಗೊಮ್ಮೆ, ಮತ್ತು ಬದಿಯಿಂದ ಪೈಪೊಂದು ಬಂದು ಸೇರುವ ಪ್ರತಿ ಜಾಗದ ಮೇಲೂ ಕೆಳಗೂ ಅಳೆಯುತ್ತಾ ಹೋದರೆ ಅಂಕಿ ಒಮ್ಮೆಲೇ ಇಳಿಯುವ ಒಂದು ಸ್ಥಳ ಸಿಗುತ್ತದೆ. ಸೋರಿಕೆ ಇರುವುದು ಆ ಸ್ಥಳಕ್ಕೂ ಅದರ ಹಿಂದಿನ ಅಳತೆಯ ಜಾಗಕ್ಕೂ ನಡುವೆ. ಅದನ್ನು ದೃಢಪಡಿಸಲು ಎರಡೂ ಕಡೆಯ ನೀರಿನ ಅಮೋನಿಯಾವನ್ನು ಕಿಟ್‌ನಿಂದ ನೋಡಿದರೆ ಸಾಕು; ಹಸಿ ಒಳಚರಂಡಿ ನೀರಿನಲ್ಲಿ ಅದು ಸಾಮಾನ್ಯವಾಗಿ ಲೀಟರಿಗೆ 20 ಮಿಲಿಗ್ರಾಂ ಮೀರುವುದರಿಂದ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ನೀರು ತುಂಬಿ ಎರಡು ದಿನ ಇಟ್ಟರೆ ಕಪ್ಪಾಗುವ ಹೈಡ್ರೋಜನ್ ಸಲ್ಫೈಡ್ ಬಾಟಲಿಗಳನ್ನು ಕೆಲವರು ಇದಕ್ಕೆ ಬಳಸುತ್ತಾರೆ. ಕುಡಿಯುವ ನೀರಿಗೆ ಅದು ಒಳ್ಳೆಯ ಪರೀಕ್ಷೆಯೇ, ಆದರೆ ನಗರದ ಕೆರೆಯ ಯಾವ ಮೂಲೆಯ ನೀರು ತುಂಬಿದರೂ ಕಪ್ಪಾಗುವ ಬಾಟಲಿಯಿಂದ ಸೋರಿಕೆಯ ಜಾಗ ತಿಳಿಯುವುದಿಲ್ಲ.

ಇಲ್ಲಿಯೂ ಗಡಿಯಾರವನ್ನು ಮರೆಯುವಂತಿಲ್ಲ. ನಾನು ಹಲವು ವರ್ಷಗಳಿಂದ ನೋಡುತ್ತಿರುವ ಒಂದು ಕೆರೆಯಲ್ಲಿ ಹಗಲೆಲ್ಲ ಒಳಹರಿವು ಶುದ್ಧವಾಗಿಯೇ ಇರುತ್ತಿತ್ತು, ಆದರೂ ನಸುಕಿನ ಆಮ್ಲಜನಕ ವಾರದಿಂದ ವಾರಕ್ಕೆ ಇಳಿಯುತ್ತಿತ್ತು. ಕೊನೆಗೆ ಇಬ್ಬರು ಟಾರ್ಚು ಹಿಡಿದು ರಾತ್ರಿ ಒಂದರಿಂದ ಮೂರರವರೆಗೆ ಕಾಲುವೆಯ ಪಕ್ಕ ಕುಳಿತಾಗ ಮೇಲ್ಗಡೆಯ ಒಂದು ವಸತಿ ಸಮುಚ್ಚಯದ ಶುದ್ಧೀಕರಣ ಘಟಕದಿಂದ ಬೈಪಾಸ್ ಪೈಪಿನ ಮೂಲಕ ಸಂಸ್ಕರಿಸದ ನೀರು ಹರಿದುಬರುವುದು ಕಂಡಿತು. ದಿನಕ್ಕೊಂದು ಬಾರಿ, ಕಚೇರಿ ವೇಳೆಯಲ್ಲಿ ತೆಗೆದ ಯಾವ ಮಾದರಿಯಲ್ಲೂ ಅದು ಸಿಕ್ಕುವಂತಿರಲಿಲ್ಲ.

ಹಸಿರು ಬಣ್ಣ, ಬಿಳಿ ನೊರೆ

ನೀರು ಹಸಿರಾಗಿದೆ ಎಂದ ಮಾತ್ರಕ್ಕೆ ಎಲ್ಲ ಹಸಿರೂ ಒಂದೇ ಅಲ್ಲ. ಉದ್ದನೆಯ ಕೋಲೊಂದನ್ನು ನೀರಿನಲ್ಲಿ ಅದ್ದಿ ಎತ್ತಿದಾಗ ಕೂದಲಿನಂತೆ ಎಳೆಎಳೆಯಾಗಿ ಜೋತುಬಿದ್ದರೆ ಅದು ಎಳೆಪಾಚಿ. ಕೋಲಿಗೆ ಬಣ್ಣ ಬಳಿದಂತೆ ಅಂಟಿಕೊಂಡರೆ ನೀಲಿ-ಹಸಿರು ಪಾಚಿಯ ಸಂದೇಹ. ಇನ್ನೊಂದು ಪರೀಕ್ಷೆ, ಗಾಜಿನ ಜಾಡಿಯಲ್ಲಿ ಮುಕ್ಕಾಲು ಭಾಗ ನೀರು ತುಂಬಿ ಅಲುಗಿಸದೆ ರಾತ್ರಿ ಇಡುವುದು: ಬೆಳಿಗ್ಗೆ ಮೇಲೆ ಹಸಿರು ಉಂಗುರ ಕಟ್ಟಿದ್ದರೆ, ತೇಲುವ ಶಕ್ತಿಯಿರುವ ಮೈಕ್ರೋಸಿಸ್ಟಿಸ್‌ನಂಥ ನೀಲಿ-ಹಸಿರು ಪಾಚಿ ಇರುವುದು ಬಹುಮಟ್ಟಿಗೆ ಖಚಿತ. ಇವುಗಳಲ್ಲಿ ಕೆಲವು ಯಕೃತ್ತಿಗೆ ಹಾನಿ ಮಾಡುವ ವಿಷವನ್ನು ಉತ್ಪಾದಿಸುತ್ತವೆ. ಕುಡಿಯುವ ನೀರಿನಲ್ಲಿ ಅಂಥ ಮೈಕ್ರೋಸಿಸ್ಟಿನ್ ಎಲ್‌ಆರ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 1 ಮೈಕ್ರೋಗ್ರಾಂ ಮಾತ್ರ, ಮತ್ತು ಕುದಿಸಿದರೆ ಅದು ಹೋಗುವುದಿಲ್ಲ. ಕೋಲಿಗೆ ಬಣ್ಣ ಅಂಟಿದ ದಿನ ದನ ಕಾಯುವವರಿಗೆ ಆ ಬದಿಯಲ್ಲಿ ನೀರು ಕುಡಿಸಬೇಡಿ ಎಂದು ಹೇಳಿಬರುವುದು ಪರೀಕ್ಷೆಯ ಭಾಗವೇ ಆಗಿರಲಿ.

ಹಸಿರು ನೀರು ಪ್ರಯೋಗಾಲಯದ ವರದಿಯನ್ನೂ ದಾರಿ ತಪ್ಪಿಸುತ್ತದೆ. ನೀರಿನ ಕೊಳೆಯನ್ನು ಸೂಕ್ಷ್ಮಾಣುಗಳು ಕರಗಿಸಲು ಬೇಕಾಗುವ ಆಮ್ಲಜನಕವೇ ಜೈವಿಕ ಆಮ್ಲಜನಕ ಬೇಡಿಕೆ, ಅಂದರೆ ಬಿಒಡಿ; ನಮ್ಮಲ್ಲಿ ಅದನ್ನು 27 ಡಿಗ್ರಿಯಲ್ಲಿ ಮೂರು ದಿನ ಕತ್ತಲಲ್ಲಿಟ್ಟು ಅಳೆಯುತ್ತಾರೆ. ಕತ್ತಲಲ್ಲಿ ಪಾಚಿಯೂ ಉಸಿರಾಡುತ್ತದೆ, ಸತ್ತು ಕೊಳೆಯುತ್ತದೆ. ಹಾಗಾಗಿ ಕೆರೆಯ ನಡುವಿನ ನೀರಿನ ಹೆಚ್ಚಿನ ಬಿಒಡಿ ಪೂರ್ತಿಯಾಗಿ ಹೊರಗಿನ ಕೊಳಚೆಯಿಂದಲೇ ಬಂದದ್ದಲ್ಲ. ಅದೇ ಮಾದರಿಯನ್ನು ಸೋಸಿ ಮತ್ತೊಮ್ಮೆ ಅಳೆಯಲು ಕೇಳಿಕೊಂಡರೆ ಎರಡರ ವ್ಯತ್ಯಾಸವು ಪಾಚಿಯಂಥ ತೇಲುವ ಕಣಗಳ ಪಾಲೆಷ್ಟು ಎಂಬುದನ್ನು ತಿಳಿಸುತ್ತದೆ.

ನೊರೆಯ ವಿಷಯದಲ್ಲಿ ಜನ ಕಾಣುವ ಜಾಗ ಮತ್ತು ದೋಷದ ಜಾಗ ಬೇರೆಬೇರೆ. ಬೆಳ್ಳಂದೂರು, ವರ್ತೂರು ಕೆರೆಗಳ ನೊರೆ ಲೋಕಪ್ರಸಿದ್ಧವಾದದ್ದು ಕೋಡಿಯ ಬಳಿ, ನೀರು ಎತ್ತರದಿಂದ ಬಿದ್ದು ಗಾಳಿಯೊಡನೆ ಬೆರೆಯುವ ಸ್ಥಳದಲ್ಲಿ. ಮಾರ್ಜಕ ಬಂದದ್ದು ಮಾತ್ರ ಮೇಲ್ಗಡೆಯ ಸಾವಿರಾರು ಮನೆಗಳಿಂದ. ಕೋಡಿಗೆ ಜಾಲರಿ ಕಟ್ಟುವುದೂ ನೀರು ಚಿಮುಕಿಸುವುದೂ ರಸ್ತೆಗೆ ಹಾರುವ ನೊರೆಯನ್ನು ತಡೆಯಬಹುದು, ಕೆರೆಗೆ ಅದರಿಂದ ಏನೂ ಆಗದು. 2015ರಲ್ಲಿ ಬೆಳ್ಳಂದೂರಿನ ನೊರೆಗೆ ಬೆಂಕಿ ಹತ್ತಿದ್ದು, 2018ರ ಜನವರಿಯಲ್ಲಿ ಅಲ್ಲಿನ ಒಣಗಿದ ಜೊಂಡಿಗೆ ಹತ್ತಿದ ಬೆಂಕಿಯನ್ನು ಆರಿಸಲು ಸೈನಿಕರು ಬರಬೇಕಾದದ್ದು, ಇವೆಲ್ಲ ಕೊನೆಯ ಹಂತದ ಲಕ್ಷಣಗಳು. ಎಲ್ಲ ನೊರೆಯೂ ಮಾರ್ಜಕದ್ದಲ್ಲ ಎಂಬುದನ್ನೂ ಹೇಳಬೇಕು: ಮಳೆಗಾಲದಲ್ಲಿ ಎಲೆ ಕೊಳೆತ ನೀರಿನಿಂದ ಏಳುವ ಕಂದು ಬಣ್ಣದ, ಮಣ್ಣಿನ ವಾಸನೆಯ, ಬೇಗ ಒಡೆಯುವ ನೊರೆಗೆ ಹೆದರಬೇಕಾಗಿಲ್ಲ.

ಮಾಪಕವೇ ತಪ್ಪಿದ್ದರೆ

ಪಿಎಚ್ ಮಾಪಕವನ್ನು 4, 7 ಮತ್ತು 9.2ರ ಬಫರ್ ದ್ರಾವಣಗಳಲ್ಲಿ, ಅಂದರೆ ಪಿಎಚ್ ಮೊದಲೇ ಗೊತ್ತಿರುವ ದ್ರಾವಣಗಳಲ್ಲಿ, ಅಳತೆಗೆ ಮೊದಲು ಪ್ರತಿ ಸಲವೂ ಸರಿಹೊಂದಿಸಬೇಕು. ಆಮ್ಲಜನಕದ ಮಾಪಕದಲ್ಲಿ ಸ್ಥಳದ ಎತ್ತರವನ್ನೋ ಗಾಳಿಯ ಒತ್ತಡವನ್ನೋ ನಮೂದಿಸದೆ ಸಮುದ್ರಮಟ್ಟವೆಂದೇ ಬಿಟ್ಟು ಗಾಳಿಯಲ್ಲಿ ಸರಿಹೊಂದಿಸಿದರೆ ಬೆಂಗಳೂರಿನಲ್ಲಿ ಅದು ಶೇಕಡ ಹತ್ತರಷ್ಟು ಹೆಚ್ಚು ತೋರಿಸುತ್ತದೆ. ಸಂದೇಹ ಬಂದಾಗ ಹಳೆಯ ವಿಂಕ್ಲರ್ ವಿಧಾನಕ್ಕೆ ಮರಳುವುದು ಕ್ಷೇಮ. ಹಂಗೇರಿಯ ವಿಂಕ್ಲರ್ 1888ರಲ್ಲಿ ಕೊಟ್ಟ ಈ ವಿಧಾನದಲ್ಲಿ 300 ಮಿಲಿಲೀಟರಿನ ಗಾಜಿನ ಬಾಟಲಿಯನ್ನು ಗುಳ್ಳೆ ಉಳಿಯದಂತೆ ತುಂಬಿ, ದಡದಲ್ಲೇ ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೊಡೈಡ್ ಹಾಕುತ್ತಾರೆ. ಆಗ ಬಾಟಲಿಯಲ್ಲಿ ಉಂಟಾಗಿ ತಳಕ್ಕಿಳಿಯುವ ಒತ್ತರ ಕಂದಾದರೆ ಆಮ್ಲಜನಕವಿದೆ. ಬಿಳಿಯಾಗಿಯೇ ಉಳಿದರೆ ನೀರಿನಲ್ಲಿ ಅದು ಇಲ್ಲವೆಂದೇ ಅರ್ಥ. ಉಳಿದ ಲೆಕ್ಕವನ್ನು ಆಮೇಲೆ ಮಾಡಿಕೊಳ್ಳಬಹುದು. ಒಳಚರಂಡಿ ಸೇರಿದ ನೀರಿನಲ್ಲಿ ನೈಟ್ರೈಟ್ ಇದ್ದು ಫಲಿತಾಂಶವನ್ನು ಕೆಡಿಸುವುದರಿಂದ ಅಜೈಡ್ ಬೆರೆಸಿದ ಅಯೊಡೈಡ್ ದ್ರಾವಣವನ್ನೇ ಕೇಳಿ ಪಡೆಯಬೇಕು. ಕೊಡದಲ್ಲಿ ಮೊಗೆದು ಬಾಟಲಿಗೆ ಸುರಿದ ನೀರು ಆಮ್ಲಜನಕದ ಅಳತೆಗೆ ಬರುವುದಿಲ್ಲ. ಸುರಿಯುವಾಗಲೇ ಗಾಳಿ ಸೇರಿರುತ್ತದೆ.

ತಕ್ಷಣ ಮಾಡುವುದು, ಮಾಡಬಾರದ್ದು

ಮೀನು ಬಾಯಿ ಬಡಿಯುತ್ತಿರುವಾಗ ಉಪಯೋಗಕ್ಕೆ ಬರುವುದು ಗಾಳಿಯಾಡಿಸುವುದೊಂದೇ. ಪಂಪಿನಿಂದ ಮೇಲ್ಮಟ್ಟದ ನೀರನ್ನು ಎತ್ತಿ ತುಂತುರಾಗಿ ಮತ್ತೆ ಕೆರೆಗೇ ಬೀಳಿಸಬೇಕು. ಪಂಪಿನ ಬಾಯಿಯನ್ನು ತಳಕ್ಕೆ ಇಳಿಸಿದರೆ ಹೂಳು ಕದಡಿ, ಇದ್ದ ಆಮ್ಲಜನಕವನ್ನೂ ನುಂಗಿಬಿಡುತ್ತದೆ. ಸತ್ತ ಮೀನನ್ನು ಆ ದಿನವೇ ತೆಗೆಯಬೇಕು. ಅಂತರಗಂಗೆಯನ್ನು ಕಿತ್ತರೆ ಏರಿಯ ಒಳಬದಿಯಲ್ಲಿ ರಾಶಿ ಹಾಕಬಾರದು, ಕೊಳೆತ ರಸವೆಲ್ಲ ಮತ್ತೆ ಕೆರೆಗೇ ಇಳಿಯುತ್ತದೆ.

ಸುಣ್ಣ ಎರಚುವುದು ಬಹಳ ಕಡೆ ರೂಢಿಯಲ್ಲಿದೆ. ಅಮೋನಿಯಾ ಇರುವ ಕೆರೆಗೆ ಸುಣ್ಣ ಹಾಕಿದರೆ ಪಿಎಚ್ ಏರಿ, ಮೇಲೆ ಹೇಳಿದ ಲೆಕ್ಕದ ಪ್ರಕಾರ, ಬದುಕಿದ್ದ ಮೀನೂ ಸಾಯುತ್ತದೆ. ಬ್ಲೀಚಿಂಗ್ ಪುಡಿಯ ಕ್ಲೋರಿನ್ ಅಮೋನಿಯಾದೊಡನೆ ಸೇರಿ ಕ್ಲೋರಮೈನ್ ಆಗುತ್ತದೆ, ಅದು ಕಿವಿರಿಗೆ ನೇರ ವಿಷ. ಮೈಲುತುತ್ತು ಹಾಕಿದರೆ ಪಾಚಿಯೇನೋ ಸಾಯುತ್ತದೆ, ಆದರೆ ನೀಲಿ-ಹಸಿರು ಪಾಚಿಯ ಕೋಶಗಳು ಒಡೆದು ಅವುಗಳ ವಿಷ ನೀರಿಗೆ ಬರುತ್ತದೆ. ಸತ್ತ ಪಾಚಿ ಕೊಳೆಯುವಾಗ ಆಮ್ಲಜನಕ ಇನ್ನಷ್ಟು ಖಾಲಿಯಾಗಿ ಕೆಲವೇ ದಿನಗಳಲ್ಲಿ ಎರಡನೆಯ ಸುತ್ತು ಮೀನು ಸಾಯಬಹುದು.

ದೋಷ ಮರುಕಳಿಸುತ್ತಿದ್ದರೆ

ಕೊಳಚೆಯನ್ನು ಪೂರ್ತಿ ತಿರುಗಿಸಿದ ಮೇಲೂ ನೀರು ಹಸಿರಾಗಿಯೇ ಇದ್ದರೆ ದೋಷ ಹೂಳಿನಲ್ಲಿದೆ. ಪಾಚಿಗೆ ಗೊಬ್ಬರವಾಗುವ, ವರ್ಷಗಟ್ಟಲೆ ತಳದಲ್ಲಿ ಕೂತ ರಂಜಕ ಕಬ್ಬಿಣದೊಡನೆ ಬೆಸೆದುಕೊಂಡಿರುತ್ತದೆ, ತಳದಲ್ಲಿ ಆಮ್ಲಜನಕ ಮುಗಿದಾಗ ಬಿಡುಗಡೆಯಾಗಿ ಮೇಲಕ್ಕೆ ಬರುತ್ತದೆ. ಸ್ವೀಡನ್ನಿನ ಟ್ರುಮೆನ್ ಎಂಬ ಆಳವಿಲ್ಲದ ಸರೋವರ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿಗೆ ಹರಿಯುತ್ತಿದ್ದ ಕೊಳಚೆ 1950ರ ದಶಕದ ಕೊನೆಯ ಹೊತ್ತಿಗೆ ನಿಂತಿತ್ತು, ಆದರೂ ಅದು ಚೇತರಿಸಿಕೊಳ್ಳಲಿಲ್ಲ. 1970-71ರಲ್ಲಿ ತಳದ ಸುಮಾರು ಒಂದು ಮೀಟರ್ ಹೂಳನ್ನು ಹೀರಿ ತೆಗೆದ ಮೇಲಷ್ಟೇ ನೀರು ತಿಳಿಯಾಯಿತು. ನಮ್ಮಲ್ಲಿ ಇದರ ಅನುಕ್ರಮವೇ ತಲೆಕೆಳಗಾಗಿರುತ್ತದೆ: ಮೊದಲು ಹೂಳೆತ್ತಿ, ನಡೆದಾಡುವ ಹಾದಿ ಮಾಡಿ, ದೀಪ ಹಾಕಿ, ಕೊಳಚೆಯನ್ನು ಹಾಗೆಯೇ ಬಿಡುತ್ತಾರೆ. ಅಂಥ ಕೆರೆ ಕೆಲವೇ ವರ್ಷಗಳಲ್ಲಿ ಹಳೆಯ ಸ್ಥಿತಿಗೆ ಮರಳಿದರೆ ಅದನ್ನು ಹೊಸ ದೋಷವೆಂದು ಹುಡುಕುವುದು ವ್ಯರ್ಥ.

ಸಂಸ್ಕರಿಸಿದ ನೀರನ್ನೇ ನಂಬಿರುವ ಕೆರೆಯಲ್ಲಿ ಜಕ್ಕೂರಿನ ವ್ಯವಸ್ಥೆಯನ್ನು ಗಮನಿಸಬೇಕು. ಅಲ್ಲಿ ಮೇಲ್ಗಡೆಯ ಶುದ್ಧೀಕರಣ ಘಟಕದಿಂದ ಬಂದ ನೀರು ಜೊಂಡು ಬೆಳೆದ ಜೌಗಿನ ಮೂಲಕ ಹಾದು ಕೆರೆ ಸೇರುತ್ತದೆ. ಜೌಗು ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಅದರ ತಲೆಯಲ್ಲೂ ಬುಡದಲ್ಲೂ ಒಂದೇ ದಿನ ಅಮೋನಿಯಾ ಮತ್ತು ರಂಜಕವನ್ನು ಅಳೆಯಬೇಕು. ಎರಡು ಅಂಕಿಗಳ ನಡುವಿನ ಅಂತರ ತಿಂಗಳಿಂದ ತಿಂಗಳಿಗೆ ಕಿರಿದಾಗುತ್ತಿದ್ದರೆ ಜೊಂಡನ್ನು ಕತ್ತರಿಸಿ ಹೊರಗೆ ಸಾಗಿಸುವ ಕಾಲ ಮೀರಿದೆ, ಇಲ್ಲವೇ ನೀರು ಜೊಂಡಿನ ನಡುವೆ ಹರಡದೆ ಒಂದೇ ಕಿರುಕಾಲುವೆ ಮಾಡಿಕೊಂಡು ಓಡುತ್ತಿದೆ. ಎರಡನೆಯದನ್ನು ಬರಿಗಣ್ಣಿನಿಂದಲೇ ನೋಡಬಹುದು.

ಇನ್ನು ದಿನಚರಿಯ ಮಾತು. ವಾರಕ್ಕೊಂದು ನಸುಕಿನ ಅಳತೆ, ಒಂದು ಮಧ್ಯಾಹ್ನದ ಅಳತೆ, ಪ್ರತಿ ಒಳಹರಿವಿನ ವಾಹಕತೆ, ಮತ್ತು ನೀರು ಎಷ್ಟು ತಿಳಿಯಾಗಿದೆ ಎಂದು ನೋಡುವ 20 ಸೆಂಟಿಮೀಟರ್ ಅಗಲದ ಕಪ್ಪು-ಬಿಳುಪಿನ ಸೆಕ್ಕಿ ತಟ್ಟೆಯನ್ನು ಹಗ್ಗದಲ್ಲಿ ಇಳಿಸಿ ಅದು ಕಣ್ಮರೆಯಾಗುವ ಆಳ, ಇಷ್ಟನ್ನು ರಟ್ಟಿನ ಹೊದಿಕೆಯ ಪುಸ್ತಕವೊಂದರಲ್ಲಿ ಗಂಟೆ, ಮೋಡ, ಮಳೆಗಳೊಡನೆ ಬರೆದಿಟ್ಟರೆ ಸಾಕು. ತಟ್ಟೆ ಅರ್ಧ ಮೀಟರಿನೊಳಗೇ ಕಾಣದಾದರೆ ಪಾಚಿಯೋ ಕೆಸರೋ ಎಂದು ನೋಡಿ ಬರೆಯಬೇಕು. ತಟ್ಟೆ ಇಳಿಸುವವರು ಪ್ರತಿವಾರ ಒಬ್ಬರೇ ಆಗಿರಲಿ, ಒಬ್ಬರ ಕಣ್ಣಿಗೂ ಇನ್ನೊಬ್ಬರ ಕಣ್ಣಿಗೂ ಹತ್ತು ಸೆಂಟಿಮೀಟರ್ ವ್ಯತ್ಯಾಸ ಬರುವುದುಂಟು. ಹಗ್ಗ ನೂಲಿನದ್ದಾದರೆ ನೆನೆದು ಕುಗ್ಗುತ್ತದೆ. ಆಳ ಗುರುತಿಸಲು ಅದಕ್ಕೆ ಹಾಕಿದ ಗಂಟುಗಳ ಅಂತರವನ್ನು ಆಗಾಗ ಟೇಪಿನಿಂದ ಅಳೆದು ನೋಡಿಕೊಳ್ಳಬೇಕು.